ಕೊರಳಿಂದ ಕೆಳಗಿನ ಪ್ರವಾಸಗಳು

ಸೃಷ್ಟಿಕರ್ತನು ಮನುಷ್ಯನ ಶರೀರವನ್ನು ರಚಿಸುವಾಗ ತಲೆಯನ್ನು ಎಲ್ಲಕ್ಕಿಂತ ಮೇಲೆ, ಎದುರಿಗೆ ಬಂದವರ ಕಣ್ಣಿಗೆ ಮೊದಲು ಬೀಳುವಂತೆ ಇರಿಸಿದನು. ಅದರಲ್ಲಿ ಅವನ ಉದ್ದೇಶವೇನಾದರೂ ಇದ್ದೇ ಇರಬೇಕು. ಆದರೆ ಆ ಉದ್ದೇಶವು ಟೇಪು ಮಾಸ್ತರಿಗೆ, ತಮ್ಮ ಸ್ವಂತ ತಲೆಯ ಕೂದಲೆಲ್ಲ ಉದುರುವ ಕಾಲ ಬಂದರೂ, ಹೊಳೆದಿರಲಿಲ್ಲ.

ಮಾಸ್ತರು ವೃತ್ತಿಯಿಂದ ದರ್ಜಿಗಳು. ಬೀಗ ರಿಪೇರಿಯವನ ಅಂಗಡಿಗೂ ಕಾಗದ ಪೆನ್ಸಿಲು ಮಾರುವವನ ಅಂಗಡಿಗೂ ನಡುವೆ, ಪುಸ್ತಕದ ಹಾಳೆಗಳ ಸಂದಿಯಲ್ಲಿ ಸಿಕ್ಕಿಬಿದ್ದ ಗರಿಯಂತೆ ಅವರ ಅಂಗಡಿಯು ಇರುಕಿಕೊಂಡಿತ್ತು. ಅಳತೆ ಕೊಡಲು ಬಂದವರು ಎರಡೂ ತೋಳುಗಳನ್ನು ಚಾಚಿದರೆ ಒಂದು ಕೈ ಗೋಡೆಗೂ ಇನ್ನೊಂದು ಕಾದ ಇಸ್ತ್ರಿಪೆಟ್ಟಿಗೆಗೂ ತಗಲುತ್ತಿದ್ದುದರಿಂದ, ಪಳಗಿದ ಗಿರಾಕಿಗಳು ಒಂದು ತೋಳನ್ನು ಮಾತ್ರ ಚಾಚಿ, ಇನ್ನೊಂದೂ ಅಷ್ಟೇ ಇದೆಯೆಂದು ಬಾಯಿಮಾತಿನಲ್ಲಿ ಹೇಳುತ್ತಿದ್ದರು. ಸೊಂಟದ ಅಳತೆಯ ಹೊತ್ತಿಗೆ ಗಂಡಸರೆಲ್ಲರೂ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿಕೊಳ್ಳುವುದುಂಟಷ್ಟೆ. ಅಂಥವರಿಗೆಂದು ಮಾಸ್ತರ ಬಳಿ ಒಂದು ಮಂತ್ರವಿತ್ತು. "ಉಸಿರು ಬಿಡಿ ಸಾರ್, ನಾನು ಯಾರಿಗೂ ಹೇಳೋಲ್ಲ" ಎಂದು ಅವರು ಮೆಲ್ಲನೆ ನುಡಿಯುತ್ತಿದ್ದರು. ಗಿರಾಕಿಯು ನಿಟ್ಟುಸಿರಿನೊಡನೆ ತನ್ನ ನಿಜರೂಪವನ್ನು ತಾಳುತ್ತಿದ್ದನು.

ಹೀಗೆ ಬಾಳೆಲ್ಲ ಜನರನ್ನು ಅಳೆದ ಮಾಸ್ತರ ದೃಷ್ಟಿಯು ಕಾಲರಿನಲ್ಲಿ ಆರಂಭವಾಗಿ ಅಂಚಿನ ಮಡಿಕೆಯಲ್ಲಿ ಮುಗಿಯುತ್ತಿತ್ತು. ಕಾಲರಿಗಿಂತ ಮೇಲಿರುವುದು ಕ್ಷೌರಿಕನ ರಾಜ್ಯ. ಅಲ್ಲಿಗೆ ದಂಡೆತ್ತಿ ಹೋಗುವುದು ಧರ್ಮವಲ್ಲವೆಂಬುದು ಅವರ ಭಾವನೆ. ಬೀದಿಯಲ್ಲಿ ಎದುರಾದವರನ್ನು ಅವರು ಗುರುತಿಸುತ್ತಿದ್ದುದು ಹೆಗಲಿನ ಇಳಿಜಾರಿನಿಂದ. ಒಮ್ಮೆ ಅವರ ಅಂಗಡಿಯೆದುರಿನಲ್ಲಿಯೇ ಒಬ್ಬ ಕಳ್ಳನು ಯಾರದೋ ಚೀಲ ಕಸಿದುಕೊಂಡು ಓಡಿದನು. ಕಣ್ಣಾರೆ ಕಂಡವರು ಮಾಸ್ತರೊಬ್ಬರೇ. ಪೊಲೀಸಿನವನು ಬಂದು ವಿಚಾರಿಸಲು, ಕಳ್ಳನ ಷರಟಿನ ಮೇಲಿನಿಂದ ಎರಡನೆಯ ಗುಂಡಿ ಬೇರೆ ಬಣ್ಣದ್ದೆಂದೂ, ಎಡತೋಳಿನ ಹೊಲಿಗೆ ಕೈಹೊಲಿಗೆಯೆಂದೂ, ಪ್ಯಾಂಟು ಹಿಂಬದಿಯಲ್ಲಿ ಸಡಿಲವಾಗಿದ್ದು ಓಟಕ್ಕೆ ತಕ್ಕುದಲ್ಲವೆಂದೂ ಸಾಂಗವಾಗಿ ವಿವರಿಸಿದರು. ಮುಖ ಹೇಗಿತ್ತೆಂದು ಕೇಳಿದುದಕ್ಕೆ, ಬಹಳ ಹೊತ್ತು ಯೋಚಿಸಿ, ಇದ್ದಿರಬಹುದೆಂದರು. ಕಳ್ಳನು ಮುಂದಿನ ತಿರುವಿನಲ್ಲಿ ಬಟ್ಟೆ ಬದಲಾಯಿಸಿಕೊಂಡು ಸುಖವಾಗಿ ಹೋದನು.

ಇಂಥ ಮಹನೀಯರ ಕೈಗೆ, ಬೇರೆ ಊರಿನಲ್ಲಿ ನರ್ಸಾಗಿದ್ದ ಮಗಳು ಒಂದು ಪುಟ್ಟ ಕ್ಯಾಮೆರಾವನ್ನು ಉಡುಗೊರೆಯಾಗಿ ಕೊಟ್ಟಳು. ಮಾಸ್ತರಿಗೂ ಅವರ ಹೆಂಡತಿಗೂ ತಿರುಗಾಟದ ಹುಚ್ಚು ಮೊದಲೇ ಇದ್ದಿತು. ರಜೆ ಕೂಡಿಬಂದಾಗಲೆಲ್ಲ ರೈಲು ಹತ್ತಿ ಯಾವುದಾದರೊಂದು ಸಣ್ಣ ಊರಿಗೆ ಹೋಗುವುದು, ಅಲ್ಲಿಯ ಗಡಿಯಾರದ ಗೋಪುರ, ಹಳೆಯ ಸೇತುವೆ, ಚೌಕದ ಕಾರಂಜಿ, ವಸ್ತುಸಂಗ್ರಹಾಲಯ ಇವುಗಳನ್ನು ನೋಡುವುದು, ಕಾಲು ನೋಯಿಸಿಕೊಂಡು ಮರಳುವುದು, ಇದು ಅವರ ಬಾಳಿನ ಸೌಖ್ಯ. ಕ್ಯಾಮೆರಾ ಬಂದ ಮೇಲೆ ಪ್ರತಿಯೊಂದು ಗೋಪುರದ ಮುಂದೆಯೂ ಹೆಂಡತಿಯನ್ನು ನಿಲ್ಲಿಸಿ ಚಿತ್ರ ತೆಗೆಯುವ ಕ್ರಮ ಮೊದಲಾಯಿತು. ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಮೊದಲು ಕೊರಳಿನ ಗೆರೆಯನ್ನೆಳೆದು ಅಲ್ಲಿಂದ ಕೆಳಗೆ ಇಳಿಯುವುದು ದರ್ಜಿಯ ಪದ್ಧತಿ. ಮಾಸ್ತರು ಚಿತ್ರವನ್ನೂ ಅದೇ ಪದ್ಧತಿಯಲ್ಲಿ ಕತ್ತರಿಸಿದರು. ಚಿತ್ರದ ಮೇಲಂಚು ಹೆಂಡತಿಯ ಕಾಲರಿಗೆ ಸರಿಯಾಗಿ ಕೂಡುತ್ತಿತ್ತು. ಕೆಳಗೆ ಉಡುಪು ಇಳಿಬಿದ್ದ ಬಗೆ, ನೆರಿಗೆ, ಅಂಚು, ಚಪ್ಪಲಿ ಎಲ್ಲವೂ ಸ್ಫಟಿಕದಂತೆ ಸ್ಪಷ್ಟ. ಪಕ್ಕದಲ್ಲಿ ಗೋಪುರದ ಬುಡ. ತಲೆ ಎಂಬುದು ಯಾವ ಊರಿನಲ್ಲಿಯೂ ಇಲ್ಲ.

ಹೆಂಡತಿಯ ವಿಷಯದಲ್ಲಿ ಇದು ಇಮ್ಮಡಿ ಅನ್ಯಾಯವಾಯಿತು. ಆಕೆಯು ಊರ ಬಸ್ ನಿಲ್ದಾಣದಲ್ಲಿ ಟಿಕೆಟು ಕೊಡುವ ಕಿಂಡಿಯ ಹಿಂದೆ ಕುಳಿತು ಕೂದಲು ನರೆಸಿಕೊಂಡವರು. ಜನರು ಅವರನ್ನು ಕರೆಯುತ್ತಿದ್ದುದೇ ಕಿಂಡಿಯಮ್ಮ ಎಂದು. ಆ ಚೌಕಾಕಾರದ ಕಿಂಡಿಯಲ್ಲಿ ಕಾಣಿಸುತ್ತಿದ್ದುದು ಒಂದು ಮುಖ, ಒಂದು ಕನ್ನಡಕ, "ಚಿಲ್ಲರೆ ಕೊಡಿ" ಎಂಬ ಒಂದು ಧ್ವನಿ. ಹೀಗಾಗಿ ಊರಿಗೆಲ್ಲ ಆಕೆ ರುಂಡಮಾತ್ರ. ಗಂಡನ ಚಿತ್ರಗಳಲ್ಲಿ ಮುಂಡಮಾತ್ರ. ಎರಡನ್ನೂ ಕೂಡಿಸಿ ಕಂಡವರು ಮನೆಯವರನ್ನು ಬಿಟ್ಟರೆ ವಿರಳ. ಪ್ರವಾಸದ ಚಿತ್ರಗಳನ್ನು ನಿಲ್ದಾಣದಲ್ಲಿ ತೋರಿಸಿದಾಗ ದಿನವೂ ಟಿಕೆಟು ಕೊಳ್ಳುವವರೇ, ಇವರು ಯಾರೆಂದು ಕೇಳಿದರು.

ಕಿಂಡಿಯಮ್ಮನವರು ಸಹನೆಯುಳ್ಳವರು. ಸರದಿ ತಪ್ಪಿಸಿ ನುಗ್ಗುವವರನ್ನು ಕೂಡ ನಗುಮೊಗದಿಂದಲೇ ಹಿಂದಕ್ಕೆ ಕಳುಹಿಸಬಲ್ಲವರು. ಮೊದಮೊದಲು ಅವರು ಈ ತಲೆಗಳ್ಳತನವನ್ನು ಹಾಸ್ಯಕ್ಕೆ ತೆಗೆದುಕೊಂಡರು. ಆದರೆ ಅವರಿಗೊಬ್ಬ ಅಕ್ಕ ಇದ್ದಳು. ಆ ಅಕ್ಕನಿಗೊಬ್ಬ ಗಂಡನಿದ್ದನು. ಅವನು ಹಲ್ಲಿನ ವೈದ್ಯ. ಅವನ ಹತ್ತಿರವೂ ಒಂದು ಕ್ಯಾಮೆರಾ ಇದ್ದಿತು.

ಹಲ್ಲಿನ ವೈದ್ಯರು ಮನುಷ್ಯನನ್ನು ಎಷ್ಟು ದೂರದಿಂದ ನೋಡುವರೆಂಬುದು ಅವರ ಕುರ್ಚಿಯಲ್ಲಿ ಕುಳಿತವರಿಗೆ ಗೊತ್ತು. ಮಾಸ್ತರ ಈ ಷಡ್ಡಕನು ತೆಗೆದ ಚಿತ್ರಗಳಲ್ಲಿ ಅಕ್ಕನ ಮುಖವು ಒಂದಂಚಿನಿಂದ ಇನ್ನೊಂದಂಚಿಗೆ ವ್ಯಾಪಿಸಿ, ಮೂವತ್ತೆರಡು ಹಲ್ಲುಗಳೂ ಹಗಲಿನ ನಕ್ಷತ್ರಗಳಂತೆ ಬೆಳಗುತ್ತಿದ್ದವು. ಕಿವಿಯ ಪಕ್ಕದ ಸಂದಿಯಲ್ಲಿ ಬೆರಳಗಲದಷ್ಟು ಕಲ್ಲು ಕಾಣುವುದು. ಅದು ಕೋಟೆಯೋ, ಅರಮನೆಯೋ, ಅವರದೇ ಕಾಂಪೌಂಡಿನ ಗೋಡೆಯೋ ಹೇಳಲಾಗದು. ಆದರೂ ಅಕ್ಕನಿಗೆ ಅದೇ ಹೆಮ್ಮೆ.

ಒಂದು ಭಾನುವಾರ ಅಕ್ಕನ ಮನೆಯಲ್ಲಿ ಊಟ. ಊಟವಾದ ಮೇಲೆ ಎರಡು ಮನೆಗಳ ಆಲ್ಬಮ್ಮುಗಳೂ ಮೇಜಿನ ಮೇಲೆ ಬಂದವು. ಅಕ್ಕನು ತಂಗಿಯ ಚಿತ್ರಗಳನ್ನು ಒಂದೊಂದಾಗಿ ಮಗುಚುತ್ತಾ, ಊಟಕ್ಕೆ ಬಂದಿದ್ದ ಪಕ್ಕದ ಮನೆಯವರ ಎದುರಿನಲ್ಲಿಯೇ ಕೇಳಿದಳು.

"ಅಲ್ವೇ, ಇದು ನೀನೇ ಅನ್ನೋಕೆ ಏನೇ ಸಾಕ್ಷಿ?"

"ಅಕ್ಕಾ, ನನ್ನ ಚಪ್ಪಲಿ ನೋಡು."

"ಚಪ್ಪಲಿ ಯಾರು ಬೇಕಾದರೂ ಹಾಕ್ಕೋತಾರೆ. ಅಂಗಡಿಯಲ್ಲಿ ಬಟ್ಟೆ ತೊಡಿಸಿ ನಿಲ್ಲಿಸ್ತಾರಲ್ಲ ಬೊಂಬೆ, ಅದನ್ನೇ ನಿನ್ನ ಗಂಡ ರೈಲಲ್ಲಿ ಕರಕೊಂಡು ಹೋಗಿ ಬಂದಿರಬಹುದು. ಟಿಕೆಟ್ ಉಳೀತದೆ."

ಪಕ್ಕದ ಮನೆಯವರು ನಕ್ಕರು. ಹಲ್ಲಿನ ವೈದ್ಯನು, ಬೊಂಬೆಯಾದರೆ ಹಲ್ಲುನೋವಿನ ಕಾಟವೂ ಇಲ್ಲವೆಂದು ಸೇರಿಸಿದನು. ಮಾಸ್ತರಾದರೋ ಆ ಹೊತ್ತಿನಲ್ಲಿ ಷಡ್ಡಕನ ಷರಟಿನ ತೋಳು ಒಂದಂಗುಲ ಉದ್ದವಾಗಿರುವುದನ್ನು ಮನಸ್ಸಿನಲ್ಲಿಯೇ ಮೊಟಕುಮಾಡುತ್ತಿದ್ದುದರಿಂದ ಮಾತು ಅವರ ಕಿವಿಗೆ ಬೀಳಲಿಲ್ಲ.

ಕಿಂಡಿಯಮ್ಮನವರು ಮನೆಯೊಳಗೆ ಬಂದು, ಗೋಡೆಯಲ್ಲಿ ಸಾಲಾಗಿ ತೂಗುತ್ತಿದ್ದ ತಮ್ಮ ತಲೆಯಿಲ್ಲದ ಅವತಾರಗಳನ್ನು ಒಮ್ಮೆ ನೋಡಿ, ಗಂಡನ ಕಡೆಗೆ ತಿರುಗಿದರು.

"ಮುಂದಿನ ವಾರ ಹೋಗ್ತೀವಲ್ಲ, ಆ ಊರಲ್ಲಿ ನನ್ನ ಮುಖ ಇರೋ ಒಂದು ಫೋಟೋ ಬರಬೇಕು. ಒಂದೇ ಒಂದು. ಬರಲಿಲ್ಲ ಅಂದರೆ ಇನ್ನು ಮೇಲೆ ನೀವು ಒಬ್ಬರೇ ಹೋಗಿ. ಅಕ್ಕ ಹೇಳಿದ ಹಾಗೆ ಬೊಂಬೆ ಕರಕೊಂಡು ಹೋಗಿ."

ಧ್ವನಿಯು ಟಿಕೆಟು ಕಿಂಡಿಯದಾಗಿತ್ತು. ಅಲ್ಲಿ ಚೌಕಾಸಿಗೆ ಎಡೆಯಿಲ್ಲ. ಹೆಂಡತಿಯಿಲ್ಲದ ಪ್ರವಾಸವನ್ನು ಮಾಸ್ತರು ಎಣಿಸಿಕೊಳ್ಳಲಾರರು. ಯಾವ ರೈಲು ಎಲ್ಲಿ ನಿಲ್ಲುವುದೆಂದು ತಿಳಿದವರು ಆಕೆ. ಹಸಿವಾಗುವ ಮುನ್ನವೇ ಪೊಟ್ಟಣ ಬಿಚ್ಚುವವರು ಆಕೆ. ಗೋಪುರವೊಂದನ್ನು ಕಂಡಾಗ "ಅಬ್ಬಾ" ಎಂದು ಮೊದಲು ಹೇಳುವವರೂ ಆಕೆಯೇ. ಆ "ಅಬ್ಬಾ" ಕೇಳಿಸದಿದ್ದರೆ ಗೋಪುರವು ಬರಿಯ ಇಟ್ಟಿಗೆಯೆಂಬುದನ್ನು ಮಾಸ್ತರು ಬಲ್ಲರು, ಬಾಯಿಬಿಟ್ಟು ಹೇಳಿದವರಲ್ಲವಷ್ಟೆ.

ವಾರವೆಲ್ಲ ಅವರು ತಲೆಯನ್ನು ಕುರಿತು ಚಿಂತಿಸಿದರು. ಕಡೆಗೆ ದೈವಪ್ರೇರಣೆಯೆಂಬಂತೆ ಒಂದು ಉಪಾಯ ಹೊಳೆಯಿತು. ತಮ್ಮ ಕಣ್ಣು ಬಟ್ಟೆಯಿರುವಲ್ಲಿಗೆ ಮಾತ್ರ ಹೋಗುವುದಾದರೆ, ತಲೆಗೂ ಬಟ್ಟೆಯನ್ನು ಹೊದಿಸಿದರಾಯಿತು. ಹೆಂಡತಿಗೆಂದು ಆಗತಾನೆ ಹೊಲಿಯುತ್ತಿದ್ದ ಹಸುರು ಕೋಟಿನ ಬಟ್ಟೆಯಲ್ಲಿಯೇ ಅವರು ಒಂದು ಟೋಪಿಯನ್ನೂ ಹೊಲಿದರು. ಕೋಟಿನ ಅಂಚಿಗೆ ಕಣ್ಣಿಗೆ ಕಾಣದಂಥ ಕೈಹೊಲಿಗೆ. ಟೋಪಿಗೆ ಸುತ್ತಲೂ ಅಗಲವಾದ ಅಂಚುಪಟ್ಟಿ, ಅದಕ್ಕೆ ಅಸ್ತರು, ಅಸ್ತರಿಗೆ ಮತ್ತೊಂದು ಹೊಲಿಗೆ. ಹುಟ್ಟುಗುಣ ಸುಟ್ಟರೂ ಹೋಗದೆನ್ನುವರು. ಮಾಸ್ತರು ಸುಡಲು ಹೋಗಲಿಲ್ಲ, ಅದಕ್ಕೊಂದು ಟೋಪಿ ಹಾಕಿದರು.

ಊರು ತಲುಪಿದಾಗ ಬೆಳಗಿನ ಎಳೆಬಿಸಿಲು. ಮೊದಲು ಗಡಿಯಾರದ ಗೋಪುರ. ಹಸುರು ಕೋಟು, ಹಸುರು ಟೋಪಿ ಧರಿಸಿ ಕಿಂಡಿಯಮ್ಮನವರು ಗೋಪುರದ ಮುಂದೆ ನಿಂತರು. ಮಾಸ್ತರು ಕ್ಯಾಮೆರಾ ಎತ್ತಿದರು. ಉಪಾಯ ಫಲಿಸಿತು: ಅವರ ದೃಷ್ಟಿಯು ಅಂಚಿನಿಂದ ಮೇಲೇರಿ, ಕಾಲರನ್ನು ದಾಟಿ, ಬಾಳಿನಲ್ಲಿ ಮೊದಲ ಬಾರಿಗೆ ಟೋಪಿಯ ತುದಿಯನ್ನು ಮುಟ್ಟಿತು. ಗುಂಡಿ ಒತ್ತಿದರು. ಕಿಂಡಿಯಮ್ಮನವರು ಓಡಿಬಂದು ಕ್ಯಾಮೆರಾದ ಪುಟ್ಟ ಪರದೆಯನ್ನು ಕಣ್ಣಿಗೆ ಹಿಡಿದರು. ಟೋಪಿ ಬಂದಿತ್ತು. ಅದರ ಅಗಲವಾದ ಪಟ್ಟಿಯು ಮುಂದಕ್ಕೆ ಬಾಗಿ, ಹಣೆಯಿಂದ ಗಲ್ಲದವರೆಗೂ ದಟ್ಟವಾದ ನೆರಳನ್ನು ಹಾಸಿ, ಮುಖವನ್ನು ಅಡಗಿಸಿಬಿಟ್ಟಿತ್ತು. ಹಸುರು ಕೋಟಿನ ಮೇಲೊಂದು ಹಸುರು ಅಣಬೆ ಬೆಳೆದಂತಿತ್ತು.

"ತಲೆ ಬಂತಲ್ಲೇ" ಎಂದರು ಮಾಸ್ತರು.

"ಬಂತು. ಮುಖ ಯಾವ ರೈಲಿಗೆ ಬರತ್ತೆ?"

ಸೇತುವೆಯ ಮೇಲೆ ಟೋಪಿಯನ್ನು ಹಿಂದಕ್ಕೆ ಸರಿಸಿಕೊಳ್ಳುವುದೆಂದು ನಿಶ್ಚಯವಾಯಿತು. ಸರಿಸಿಕೊಂಡ ಟೋಪಿಗೂ ಹೊಳೆಯ ಗಾಳಿಗೂ ಮೊದಲೇ ಒಪ್ಪಂದವಾಗಿದ್ದಿತೋ ಏನೋ. ಮಾಸ್ತರು ಗುಂಡಿ ಒತ್ತುವ ಕ್ಷಣಕ್ಕೆ ಸರಿಯಾಗಿ ಟೋಪಿಯು ತಲೆಯನ್ನು ಬಿಟ್ಟು ಮೇಲಕ್ಕೆ ಹಾರಿತು. ಬಟ್ಟೆಯನ್ನು ಹಿಂಬಾಲಿಸುವ ಮಾಸ್ತರ ಕಣ್ಣು, ಕಣ್ಣನ್ನು ಹಿಂಬಾಲಿಸುವ ಕೈ, ಎರಡೂ ಅದರೊಡನೆ ಆಕಾಶಕ್ಕೆ ಎದ್ದವು. ಚಿತ್ರವು ಅಪೂರ್ವವಾಗಿ ಬಂದಿತ್ತು: ನೀಲಿ ಆಕಾಶ, ನಡುವೆ ಗರುಡನಂತೆ ತೇಲುವ ಟೋಪಿ, ಅಸ್ತರಿನ ಹೊಲಿಗೆ ಕೂಡ ಎಣಿಸಬಹುದಾದಷ್ಟು ಸ್ಪಷ್ಟ. ಹೆಂಡತಿಯಾಗಲಿ ಸೇತುವೆಯಾಗಲಿ ಅದರಲ್ಲಿ ಇರಲಿಲ್ಲ. ಟೋಪಿಯೂ ಹೊಳೆಯ ಪಾಲಾಯಿತು.

ಮೂರನೆಯ ಪ್ರಯತ್ನ ಚೌಕದ ಕಾರಂಜಿಯ ಬಳಿ. ತಮ್ಮ ಕೈಯ ಮೇಲೆ ತಮಗೇ ನಂಬಿಕೆ ಹೋದ ಮಾಸ್ತರು, ಸೈಕಲ್ಲಿಗೆ ಒರಗಿ ನಿಂತಿದ್ದ ಅಂಚೆಯವನ ಕೈಗೆ ಕ್ಯಾಮೆರಾ ಕೊಟ್ಟು, ತಾವೂ ಹೆಂಡತಿಯ ಪಕ್ಕದಲ್ಲಿ ನಿಂತರು. ಅಂಚೆಯವನು ವಿಳಾಸ ಓದುವ ಎಚ್ಚರದಿಂದ ಇಬ್ಬರನ್ನೂ ತಲೆಯಿಂದ ಪಾದದವರೆಗೆ ಚೌಕಟ್ಟಿನೊಳಗೆ ಕೂರಿಸಿದನು. ಒಂದು, ಎರಡು ಎಂದು ಎಣಿಸಿದನು. ಆ ಎರಡಕ್ಕೂ ಮೂರಕ್ಕೂ ನಡುವೆ ಮಾಸ್ತರಿಗೆ ಹೆಂಡತಿಯ ಹೆಗಲಿನ ಮೇಲೆ ಒಂದು ಬಿಳಿಯ ದಾರದ ತುಣುಕು ಕಾಣಿಸಿತು. ಕಂಡ ದಾರವನ್ನು ಬಿಟ್ಟ ದರ್ಜಿಯುಂಟೆ? ಅವರು ಮುಂದೆ ಬಾಗಿ ಅದನ್ನು ಚಿವುಟಿದರು. ಚಿತ್ರದಲ್ಲಿ ಮಾಸ್ತರ ವಿಶಾಲವಾದ ಬೆನ್ನು, ಅದರ ಎರಡು ಬದಿಗಳಲ್ಲಿ ಹಸುರು ತೋಳುಗಳು, ಮೇಲೆ ಕಾರಂಜಿಯ ನೀರು. ಅಂಚೆಯವನು ಎರಡನೆಯ ಸಲ ಪ್ರಯತ್ನಿಸುವ ಮೊದಲೇ ಕಿಂಡಿಯಮ್ಮನವರು ನಡೆದುಬಿಟ್ಟಿದ್ದರು.

ಉಳಿದದ್ದು ವಸ್ತುಸಂಗ್ರಹಾಲಯವೊಂದೇ. ಆಕೆ ಮುಂದೆ, ಮಾಸ್ತರು ಹಿಂದೆ. ಮಡಕೆಗಳ ಕೋಣೆ, ನಾಣ್ಯಗಳ ಕೋಣೆ ದಾಟಿದರು. ಹಳೆಯ ಬೀಗಗಳ ಮುಂದೆ ಮಾಸ್ತರು, ನಮ್ಮ ಪಕ್ಕದ ಅಂಗಡಿಯವನು ಇದ್ದಿದ್ದರೆ ಎಂದು ಮಾತು ತೆಗೆಯಲು ನೋಡಿದರು, ಆಕೆ ಮುಂದಿನ ಕೋಣೆಗೆ ನಡೆದರು. ಕೊನೆಯ ದೊಡ್ಡ ಕೋಣೆಗೆ ಕಾಲಿಟ್ಟೊಡನೆ ಮಾತ್ರ ಮಾಸ್ತರು ಮಂತ್ರಮುಗ್ಧರಾಗಿ ನಿಂತುಬಿಟ್ಟರು.

ಅದು ಪ್ರಾಚೀನ ಶಿಲಾಪ್ರತಿಮೆಗಳ ಕೋಣೆ. ಎರಡು ಸಾಲಾಗಿ ನಿಂತಿದ್ದ ಆ ಗಣ್ಯರಲ್ಲಿ ಒಬ್ಬರಿಗೂ ತಲೆಯಿರಲಿಲ್ಲ. ಕಾಲವೆಂಬ ಕತ್ತರಿಯು ಎಲ್ಲರನ್ನೂ ಕೊರಳಿಗೆ ಸರಿಯಾಗಿ ಕತ್ತರಿಸಿದ್ದಿತು. ಉಳಿದದ್ದು ಹೆಗಲು, ತೋಳು, ಕಲ್ಲಿನಲ್ಲಿ ಇಳಿಬಿದ್ದ ನಿಲುವಂಗಿಗಳ ನೆರಿಗೆ. ತಮ್ಮ ಮನೆಯ ಗೋಡೆಯೇ ಕಲ್ಲಾಗಿ ನಿಂತಂತೆ ಮಾಸ್ತರಿಗೆ ತೋರಿತು. ತೀರ್ಥಕ್ಷೇತ್ರವನ್ನು ಕಂಡ ಯಾತ್ರಿಕನಂತೆ ಅವರ ಕೈಗಳು ತಾವಾಗಿಯೇ ಕೂಡಿಕೊಂಡವು.

"ಇಲ್ಲಿ ನಿಂತ್ಕೋತೀನಿ. ಇದೇ ಕಡೆಯದು" ಎಂದು ಕಿಂಡಿಯಮ್ಮನವರು, ಎಲ್ಲರಿಗಿಂತ ಎತ್ತರವಾಗಿದ್ದ ಒಬ್ಬ ಕಲ್ಲಿನ ಮಹಾಶಯನ ಪಕ್ಕದಲ್ಲಿ, ಅಡ್ಡಗಟ್ಟಿದ್ದ ಹಗ್ಗದ ಈಚೆಗೆ ನಿಂತರು. "ಪಕ್ಕದವರಿಗೆ ತಲೆ ಇಲ್ಲ. ನನಗಿದೆ. ಗೊಂದಲ ಮಾಡ್ಕೋಬೇಡಿ."

ಮಾಸ್ತರು ಕುಲದೇವರನ್ನು ನೆನೆದು ಕ್ಯಾಮೆರಾ ಎತ್ತಿದರು. ಈ ಸಲ ಕಣ್ಣನ್ನು ಬಲವಂತವಾಗಿ ಹೆಂಡತಿಯ ಮುಖಕ್ಕೆ ಒಯ್ದು ಅಲ್ಲಿಯೇ ಕಟ್ಟಿಹಾಕಿದರು. ಹಣೆ ಕಂಡಿತು, ಕನ್ನಡಕ ಕಂಡಿತು, ಬೆಳಗಿನಿಂದ ಬಿಗಿದುಕೊಂಡಿದ್ದ ತುಟಿ ಕಂಡಿತು. ಬೆರಳು ಗುಂಡಿಯ ಮೇಲಿತ್ತು. ಇನ್ನೊಂದು ಉಸಿರಿನ ಕಾಲ ಸುಮ್ಮನಿದ್ದಿದ್ದರೆ ಈ ಕಥೆಯು ಇಲ್ಲಿಗೇ ಮುಗಿಯುತ್ತಿದ್ದಿತು. ಆದರೆ ಅವರ ಕಣ್ಣಿನ ಕೊನೆಗೆ ಆ ಕಲ್ಲಿನ ಮಹಾಶಯನ ಬಲತೋಳು ಎಡತೋಳಿಗಿಂತ ಉದ್ದವಾಗಿರುವಂತೆ ಕಾಣಿಸಿತು.

ಮನಸ್ಸು ಬೇಡವೆಂದಿತು, ಕೈ ಕೊರಳಿಗೆ ಹೋಯಿತು. ಮನೆಯಿಂದ ಹೊರಡುವಾಗ ಕಳಚಿಡಲು ಮರೆತಿದ್ದ ಟೇಪು ಕೋಟಿನೊಳಗೆ ಕೊರಳನ್ನು ಸುತ್ತಿಕೊಂಡೇ ಇದ್ದಿತು. ಕ್ಯಾಮೆರಾ ಕಿಸೆಗೆ ಇಳಿಯಿತು. ಹೆಂಡತಿಯು ಏನೆಂದು ಕೇಳುವಷ್ಟರಲ್ಲಿ ಮಾಸ್ತರು ಹಗ್ಗವನ್ನು ದಾಟಿ, ಪೀಠದ ಅಂಚಿನ ಮೇಲೆ ಕಾಲಿಟ್ಟು, ಮಹಾಶಯನ ಬಲತೋಳನ್ನು ಅಳೆದು, ಎಡತೋಳನ್ನು ಅಳೆದು, ಬಂದದ್ದು ಬಂದಾಯಿತೆಂದು ಸೊಂಟಕ್ಕೂ ಟೇಪನ್ನು ಸುತ್ತಿದರು. ಸೊಂಟವು ಬಹಳ ಬಿಗಿಯಾಗಿತ್ತು. ಬಾಳಿನ ಅಭ್ಯಾಸವು ತಾನಾಗಿ ನಾಲಗೆಗೆ ಬಂದಿತು.

"ಉಸಿರು ಬಿಡಿ ಸಾರ್, ನಾನು ಯಾರಿಗೂ ಹೇಳೋಲ್ಲ."

ಆ ಕ್ಷಣದಲ್ಲಿ ಗೋಡೆಗಳೆಲ್ಲ ಒಟ್ಟಿಗೆ ಕಿರುಚಿದಂತೆ ಎಚ್ಚರಿಕೆಯ ಗಂಟೆ ಮೊಳಗಿತು. ಮಾಸ್ತರು ಬೆಚ್ಚಿ, ಬೀಳದಿರಲೆಂದು ಮಹಾಶಯನನ್ನು ಎರಡೂ ಕೈಗಳಿಂದ ತಬ್ಬಿಕೊಂಡರು. ಬೆಳಗಿನಿಂದ ಸಿಟ್ಟನ್ನು ಮೂಟೆಕಟ್ಟಿಕೊಂಡು ಬಂದಿದ್ದ ಕಿಂಡಿಯಮ್ಮನವರು, ಗಂಡನು ಸಾವಿರಾರು ವರ್ಷಗಳ ಹಿಂದಿನ ಹಿರಿಯರೊಬ್ಬರನ್ನು ಹಬ್ಬಿದ ಬಳ್ಳಿಯಂತೆ ಅಪ್ಪಿಕೊಂಡಿರುವುದನ್ನು ನೋಡಿದರು. ಮೂಟೆಯ ಗಂಟು ಬಿಚ್ಚಿಹೋಯಿತು. ಅವರು ತಲೆಯನ್ನು ಹಿಂದಕ್ಕೆ ಎಸೆದು, ಮೇಲ್ಛಾವಣಿಯ ಕಡೆಗೆ ಬಾಯಿ ತೆರೆದು, ಕಿಂಡಿಯಲ್ಲಿ ಎಂದೂ ನಗದ ನಗೆಯನ್ನು ನಕ್ಕರು.

ಕಾವಲುಗಾರನು ಬಂದು ಮಾಸ್ತರನ್ನು ಪ್ರತಿಮೆಯಿಂದ ಬಿಡಿಸಿದನು. ಇಬ್ಬರನ್ನೂ ಮೇಲ್ವಿಚಾರಕಿಯ ಕೋಣೆಗೆ ಕರೆದೊಯ್ದನು. ದಾರಿಯಲ್ಲಿ ಮಾಸ್ತರು ಅವನ ಸಮವಸ್ತ್ರದ ಹೆಗಲು ಜಾರಿದೆಯೆಂದು ತಿಳಿಸಿದರು. ಅದರಿಂದ ಅವರ ಪರಿಸ್ಥಿತಿ ಸುಧಾರಿಸಲಿಲ್ಲ.

ಮೇಲ್ವಿಚಾರಕಿಯು ಗಂಭೀರ ಸ್ವಭಾವದ ವಿದುಷಿ. ಪ್ರತಿಮೆಯನ್ನು ಏಕೆ ಮುಟ್ಟಿದಿರೆಂದು ಕೇಳಿದಳು. ತೋಳುಗಳ ಅಳತೆ ಸರಿಯಿಲ್ಲ, ಆ ಕಾಲದ ಶಿಲ್ಪಿಯು ಗಿರಾಕಿಗೆ ಮೋಸ ಮಾಡಿದ್ದಾನೆ ಎಂದು ಮಾಸ್ತರು ತಾವು ಕಂಡುಹಿಡಿದ ಸತ್ಯವನ್ನು ನಿವೇದಿಸಿದರು. ಆ ಬಲತೋಳು ಬೇರೊಂದು ಪ್ರತಿಮೆಯದು, ಮುರಿದುದನ್ನು ಹೀಗೆ ಜೋಡಿಸಲಾಗಿದೆ, ಹಾಗೆಂದು ಪೀಠದ ಫಲಕದಲ್ಲಿ ದಪ್ಪಕ್ಷರದಲ್ಲಿ ಬರೆದಿದೆ, ತಾವು ಅದರ ಮೇಲೆಯೇ ಕಾಲಿಟ್ಟುಕೊಂಡಿದ್ದಿರಿ ಎಂದು ಆಕೆ ಶಾಂತವಾಗಿ ಉತ್ತರಿಸಿದಳು. ಮಾಸ್ತರು ತಲೆ ತಗ್ಗಿಸಿದರು. ಬಾಗಿದ ತಲೆಗೆ ಮೇಜಿನ ಮೇಲಿನ ಬಟ್ಟೆಯ ಅಂಚು ಬಿಚ್ಚಿರುವುದು ಕಂಡಿತು, ಪುಣ್ಯವಶದಿಂದ ಸುಮ್ಮನಿದ್ದರು.

ಪ್ರತಿಮೆಗಳ ಮೇಲೆ ಕಣ್ಣಿಟ್ಟು ಬಂದವರೋ ಎಂಬ ಸಂಶಯದಿಂದ ಆಕೆ ಕ್ಯಾಮೆರಾವನ್ನು ಕೇಳಿ ಪಡೆದು, ಒಳಗಿದ್ದ ಚಿತ್ರಗಳನ್ನು ಒಂದೊಂದಾಗಿ ಸರಿಸಿದಳು. ಗೋಪುರ, ತಲೆಯಿಲ್ಲದ ಹೆಂಗಸು. ಕೋಟೆ, ತಲೆಯಿಲ್ಲದ ಹೆಂಗಸು. ಕೆರೆ, ದೋಣಿ, ತಲೆಯಿಲ್ಲದ ಹೆಂಗಸು. ಅಣಬೆ. ಹಾರುವ ಟೋಪಿ. ಮೇಲ್ವಿಚಾರಕಿಯ ಮುಖದ ಬಣ್ಣ ಬದಲಾಯಿತು. ಕಾವಲುಗಾರನಿಗೆ ಬಾಗಿಲ ಬಳಿ ನಿಲ್ಲುವಂತೆ ಕಣ್ಸನ್ನೆ ಮಾಡಿ, ಇವರೆಲ್ಲ ಯಾರೆಂದು ಮೆಲ್ಲನೆ ಕೇಳಿದಳು.

"ಎಲ್ಲ ನಾನೇ" ಎಂದರು ಕಿಂಡಿಯಮ್ಮ.

"ನೀವೇ ಅನ್ನೋದಕ್ಕೆ ಏನಮ್ಮ ಸಾಕ್ಷಿ?"

ಅಕ್ಕನ ಮಾತೇ ಇಲ್ಲಿಯೂ ಬಂದು ಕುಳಿತಿತ್ತು. ಕಿಂಡಿಯಮ್ಮನವರು ಕೋಟಿನ ಗುಂಡಿಯೊಂದನ್ನು ತಿರುವುತ್ತಾ ಕಿಟಕಿಯ ಹೊರಗೆ ನೋಡಿದರು. ನಗೆಯೆಲ್ಲ ಆರಿಹೋಗಿತ್ತು. ಬಾಳೆಲ್ಲ ಕಾಲರಿನ ಕೆಳಗೆ ನೋಡಿದ್ದ ಮಾಸ್ತರು ಆಗ ಹೆಂಡತಿಯ ಮುಖವನ್ನು ನೋಡಿದರು. ಕನ್ನಡಕದ ಹಿಂದೆ ಕಣ್ಣು ತುಂಬಿತ್ತು. "ತಪ್ಪು ನನ್ನದು. ಇವಳು ಎಲ್ಲ ಕಡೆಗೂ ಬಂದಿದ್ದಳು. ತಲೆ ಸಮೇತ ಬಂದಿದ್ದಳು. ನಾನೇ ಕತ್ತರಿಸಿಬಿಟ್ಟೆ" ಎಂದರು.

ಬಾಗಿಲ ಬಳಿಯ ಕಾವಲುಗಾರನು ಒಂದು ಹೆಜ್ಜೆ ಹಿಂದೆ ಸರಿದನು.

ಮಾತು ಎಲ್ಲಿಂದೆಲ್ಲಿಗೋ ಹೋಗುತ್ತಿರುವುದನ್ನು ಕಂಡ ಮೇಲ್ವಿಚಾರಕಿ, ಮೊದಲು ಪ್ರತಿಮೆಗೆ ಪೆಟ್ಟಾಗಿದೆಯೇ ನೋಡೋಣವೆಂದು, ಮೇಲ್ಛಾವಣಿಯ ಮೂಲೆಯಲ್ಲಿದ್ದ ಕಾವಲು ಕ್ಯಾಮೆರಾ ಹಿಡಿದಿಟ್ಟ ದೃಶ್ಯವನ್ನು ತನ್ನ ಕಂಪ್ಯೂಟರಿನಲ್ಲಿ ಓಡಿಸಿದಳು. ಹಗ್ಗ ದಾಟಿದ್ದು ಬಂತು. ಪೀಠ ಹತ್ತಿದ್ದು ಬಂತು. ಗಂಟೆ, ಅಪ್ಪುಗೆ ಬಂದವು. ಅಷ್ಟರಲ್ಲಿ ಕಿಂಡಿಯಮ್ಮನವರು ಕುರ್ಚಿಯಿಂದ ಎದ್ದರು.

"ನಿಲ್ಲಿಸಿ. ಅಲ್ಲೇ ನಿಲ್ಲಿಸಿ."

ಪರದೆಯ ಮೇಲೆ ಚಿತ್ರವು ಸ್ತಬ್ಧವಾಯಿತು. ನಡುವೆ ತಲೆಯಿಲ್ಲದ ಮಹಾಶಯ. ಅವನ ಎದೆಗೆ ಆತುಕೊಂಡ ಮಾಸ್ತರ ಬೋಳುತಲೆ. ಪಕ್ಕದಲ್ಲಿ, ನೇರವಾಗಿ ಕ್ಯಾಮೆರಾದ ಕಡೆಗೆ ಎತ್ತಿದ, ಕಣ್ಣು ಮುಚ್ಚಿ ಬಾಯ್ತುಂಬ ನಗುತ್ತಿರುವ ಕಿಂಡಿಯಮ್ಮನವರ ಮುಖ. ಹಣೆಯಿತ್ತು, ಗಲ್ಲವಿತ್ತು, ಕಿವಿಗಳು ಎರಡೂ ಇದ್ದವು. ಇಡೀ ಚಿತ್ರದಲ್ಲಿ ತಲೆಯಿಲ್ಲದವನು ಕಲ್ಲಿನವನೊಬ್ಬನೇ.

"ಇದರದ್ದು ಒಂದು ಪ್ರತಿ ಕೊಡಿ" ಎಂದರು ಆಕೆ.

"ಅಮ್ಮಾ, ಇದು ನಿಮ್ಮ ಯಜಮಾನರ ತಪ್ಪಿಗೆ ದಾಖಲೆ."

"ತಪ್ಪು ಅವರದು, ಅವರ ಹತ್ತಿರ ಇಟ್ಕೊಳ್ಳಿ. ಮುಖ ನನ್ನದು, ನನಗೆ ಕೊಡಿ."

ಮೇಲ್ವಿಚಾರಕಿ ಆ ಮುಖವನ್ನೂ ಈ ಮುಖವನ್ನೂ ಹೋಲಿಸಿ ನೋಡಿದಳು. ಅಲ್ಲಿಯವರೆಗೂ ಬಿಗಿಯಾಗಿದ್ದ ಆಕೆಯ ತುಟಿಯ ಕೊನೆ ನಡುಗಿತು. ವಿದುಷಿಯರೂ ಮನುಷ್ಯರೇ ಅಲ್ಲವೆ? ಪ್ರತಿಮೆಗೆ ಕೂದಲೆಳೆಯಷ್ಟೂ ಪೆಟ್ಟಾಗಿರಲಿಲ್ಲ. ಪ್ರತಿಮೆಗಳನ್ನು ಮುಟ್ಟಬೇಡಿರೆಂದು ಎಷ್ಟು ಫಲಕ ಹಾಕಿದರೂ ಜನರು ಓದುವುದಿಲ್ಲವೆಂಬ ಕೊರಗು ಆಕೆಗೆ ಬಹುಕಾಲದಿಂದ ಇದ್ದಿತು. ಈ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಕೆಳಗೆ "ಹೀಗೆ ಮಾಡಬೇಡಿ" ಎಂದು ಬರೆದು, ಹೆಬ್ಬಾಗಿಲಿನಲ್ಲಿ ತೂಗುಹಾಕಲು ಒಪ್ಪುವುದಾದರೆ ಒಂದು ಪ್ರತಿ ಕೊಡಬಹುದೆಂದಳು. ಕಿಂಡಿಯಮ್ಮನವರು ಎರಡನೆಯ ಮಾತಿಲ್ಲದೆ ಒಪ್ಪಿದರು. ಬಾಗಿಲಲ್ಲಿ ಸಾರ್ವಜನಿಕವಾಗಿ ಮರ್ಯಾದೆ ಹೋಗುವುದಕ್ಕೆ ಮಾಸ್ತರೂ ಒಪ್ಪಿದರು. ಆದರೆ ಮುದ್ರಿತ ಪ್ರತಿ ಕೈಗೆ ಬಂದಾಗ ಅವರ ಮುಖ ಬಾಡಿತು. ಮೇಲಿನಿಂದ ನೋಡುವ ಆ ಕ್ಯಾಮೆರಾ ಹಸುರು ಕೋಟನ್ನು ಸೊಂಟಕ್ಕೆ ಕತ್ತರಿಸಿಬಿಟ್ಟಿತ್ತು.

"ಅಂಚೇ ಬಂದಿಲ್ಲ" ಎಂದರು ನೋವಿನಿಂದ. "ಎಂಥ ಕೈಹೊಲಿಗೆ ಹಾಕಿದ್ದೆ."

"ಈಗ ಗೊತ್ತಾಯ್ತಾ ನನ್ನ ಕಷ್ಟ?" ಎಂದರು ಹೆಂಡತಿ. ರೈಲಿನಲ್ಲಿ ಆಕೆಯೇ ಪೊಟ್ಟಣ ಬಿಚ್ಚಿ ಮೊದಲ ತುತ್ತನ್ನು ಗಂಡನಿಗೆ ಕೊಟ್ಟುದರಿಂದ, ಮುಂದಿನ ಪ್ರವಾಸಕ್ಕೆ ಬೊಂಬೆಯ ಅಗತ್ಯವಿಲ್ಲವೆಂದು ಮಾಸ್ತರು ಅರಿತುಕೊಂಡರು.

ಮನೆಯ ಗೋಡೆಯಲ್ಲಿ, ತಲೆಯಿಲ್ಲದವುಗಳ ಸಾಲಿನ ಕಡೆಯಲ್ಲಿ, ಆ ಚಿತ್ರವು ಏರಿತು. ಬಸ್ ನಿಲ್ದಾಣದವರು ನೋಡಿ, ನಮ್ಮ ಕಿಂಡಿಯಮ್ಮನಿಗೆ ಭುಜವೂ ಇದೆಯೇ ಎಂದು ಸಂತೋಷಪಟ್ಟರು. ಅಕ್ಕನು ಬಂದು ನೋಡಿದಳು. ಬಹಳ ಹೊತ್ತು ನೋಡಿದಳು. ಯಾರು ತೆಗೆದದ್ದೆಂದು ಕೇಳಿದಳು. ಮ್ಯೂಸಿಯಮ್ಮಿನವರೇ ತೆಗೆದು, ಬಾಗಿಲಲ್ಲಿಯೂ ಹಾಕಿಕೊಂಡಿದ್ದಾರೆ ಎಂದು ತಂಗಿಯು ಹೇಳಿದುದು ಸತ್ಯವೇ ಆಗಿತ್ತು. ಅಕ್ಕನಿಗೆ ಆ ವಾರ ನಿದ್ರೆ ಬರಲಿಲ್ಲ. ಮುಂದಿನ ರಜೆಗೆ ಹಲ್ಲಿನ ವೈದ್ಯನನ್ನು ಎಳೆದುಕೊಂಡು ಅದೇ ಊರಿಗೆ ಹೋಗಿ, ಅದೇ ಹೆಬ್ಬಾಗಿಲಿನಲ್ಲಿ ತಾನೂ ನಿಂತು ಚಿತ್ರ ತೆಗೆಸಿಕೊಂಡು ಬಂದಳು.

ಆ ಚಿತ್ರವನ್ನು ತೋರಿಸಲೆಂದೇ ಮತ್ತೊಂದು ಭಾನುವಾರ ಊಟಕ್ಕೆ ಕರೆ ಬಂದಿತು. ಆಲ್ಬಮ್ಮು ತೆರೆಯಿತು. ಎಂದಿನಂತೆ ಅಕ್ಕನ ಮುಖ ಅಂಚಿನಿಂದ ಅಂಚಿಗೆ ಹಬ್ಬಿತ್ತು, ಹಲ್ಲುಗಳು ಬೆಳಗುತ್ತಿದ್ದವು. ವಸ್ತುಸಂಗ್ರಹಾಲಯದ ಒಂದು ಕಲ್ಲೂ ಕಾಣುತ್ತಿರಲಿಲ್ಲ. ಆದರೆ ಕಿವಿಯ ಪಕ್ಕದ ಸಂದಿಯಲ್ಲಿ, ಎಂದೂ ಬೆರಳಗಲ ಗೋಡೆ ಮಾತ್ರ ಇರುತ್ತಿದ್ದಲ್ಲಿ, ಹೆಬ್ಬಾಗಿಲಿನ ಫಲಕದಿಂದ ಕಿಂಡಿಯಮ್ಮನವರ ತಲೆಯೊಂದೇ, ಕಿಂಡಿಯಿಂದ ಇಣುಕುವಂತೆ, ಬಾಯ್ತುಂಬ ನಗುತ್ತಿತ್ತು.

"ಭಾವ ಚೆನ್ನಾಗಿ ತೆಗೆದಿದ್ದಾರೆ ಅಕ್ಕಾ" ಎಂದರು ಕಿಂಡಿಯಮ್ಮ. "ನಾನು ಹೋಗಿದ್ದಕ್ಕೆ ನಿನ್ನ ಆಲ್ಬಮ್ಮಲ್ಲೇ ಸಾಕ್ಷಿ ಇದೆ ನೋಡು. ಇದರದ್ದೊಂದು ಪ್ರತಿ ಕೊಡು."

ಅಕ್ಕನು ಆಲ್ಬಮ್ಮನ್ನು ಮುಚ್ಚಲು ಕೈಯಿಟ್ಟಳು. ಅದುವರೆಗೂ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ಪರಿಶೀಲಿಸುತ್ತಿದ್ದ ಮಾಸ್ತರು ಮಾತ್ರ ಬಿಡಲೊಲ್ಲದೆ, ಅನುಕಂಪದಿಂದ ತಲೆಯಾಡಿಸಿದರು.

"ಎಲ್ಲಾ ಸರಿ ಅತ್ತಿಗೆ," ಎಂದರು, "ಪಾಪ, ನಿಮ್ಮ ಕಾಲರೇ ಬಂದಿಲ್ಲ."